ಕುಬಸದ ತೋಳು, ಮಾಸ್ತರನ ಭಾಷಣ

ವಿಜ್ಞಾನದ ಮಾಸ್ತರನಾಗಿ ನಿವೃತ್ತನಾದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಎದುರಿಗೆ ನಾಲ್ಕು ಜನ ಕುಳಿತರೆ ಸಾಕು, ಪಾಠ ಶುರು. ಶಹಾಬಜಾರದ ನನ್ನ ಮನೆಯಲ್ಲಿ ಕೇಳುವವರಿಲ್ಲ. ನಾನು ಬಾಯಿ ತೆರೆದ ಕೂಡಲೇ ಹೆಂಡತಿ ಮಿಕ್ಸರ್ ಹಾಕುತ್ತಾಳೆ. ಹೀಗಾಗಿ ಕಮಲಾಪುರದ ವೃದ್ಧಾಶ್ರಮದಲ್ಲಿ ಫ್ಲೂ ಲಸಿಕೆ ಹಾಕುತ್ತಾರೆಂದು ಗೊತ್ತಾದಾಗ, ಎಲ್ಲರನ್ನೂ ಒಪ್ಪಿಸುವ ಕೆಲಸ ನನಗಿರಲಿ ಎಂದು ಯಾರೂ ಕೇಳದೆಯೇ ಹೇಳಿಬಿಟ್ಟೆ.

ಕಾರಣವೂ ಇತ್ತು. ನನ್ನನ್ನು ಎತ್ತಿ ಆಡಿಸಿದ ಸೋದರತ್ತೆ ಅಲ್ಲಿದ್ದಾಳೆ. ನಮ್ಮ ಮನೆಯ ಗದ್ದಲ ಸಾಕು, ಓರಗೆಯವರ ಜೊತೆ ಇರುತ್ತೇನೆ ಎಂದು ತಾನೇ ಹಟ ಹಿಡಿದು ಹೋದವಳು. ಹೋದ ಚಳಿಗಾಲದಲ್ಲಿ ಫ್ಲೂ ಬಂದು, ಉಸಿರು ಸಿಗದೆ, ಕಲಬುರಗಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿಸಿಕೊಂಡು ಮಲಗಿದ್ದಳು. ಇನ್ನೊಮ್ಮೆ ಬಂದರೆ ಈ ಜೀವ ತಡೆಯುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವಳು ಹೋದರೆ ನನ್ನನ್ನು ‘ಲೇ’ ಎಂದು ಕರೆಯಲು ಯಾರೂ ಉಳಿಯುವುದಿಲ್ಲ. ನನಗೆ ನಿಜವಾಗಿಯೂ ಭಯವಾಗಿತ್ತು.

ಲಸಿಕೆಯ ದಿನ ನರ್ಸಮ್ಮನ ಮೇಜನ್ನು ಆಶ್ರಮದ ಪಡಸಾಲೆಯ ನಟ್ಟನಡುವೆ ಹಾಕಿಸಿದೆ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಧೈರ್ಯ ಬರಲಿ ಎಂದು ಸುತ್ತಲೂ ಕುರ್ಚಿ ಜೋಡಿಸಿದೆ. ಸೂಜಿ ಮಾಡಿಸಿಕೊಂಡವರಿಗೆಲ್ಲ ಚಪ್ಪಾಳೆ, ಜೊತೆಗೊಂದು ಕೆಂಪು ಬಾಳೆಹಣ್ಣು. ಕಮಲಾಪುರದಲ್ಲೇ ಬೆಳೆಯುವ ಆ ಹಣ್ಣನ್ನು ಕಲಬುರಗಿಯ ಬಜಾರಿನಲ್ಲಿ ಕೊಂಡು, ಬಸ್ಸಿನಲ್ಲಿ ಕಮಲಾಪುರಕ್ಕೇ ಹೊತ್ತು ತಂದ ಜಾಣ ನಾನು. ಆಮೇಲೆ ಭಾಷಣ. ರೋಗನಿರೋಧಕ ಶಕ್ತಿ ಎನ್ನುವಲ್ಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜ ಗೊರಕೆ ಹೊಡೆಯುತ್ತಿದ್ದ.

ಗಂಡಸರು ಬನಿಯನ್ನಿನಲ್ಲೇ ಬಂದು ತೋಳು ಕೊಟ್ಟು, ಹಣ್ಣು ಸುಲಿಯುತ್ತ ಮತ್ತೆ ಕುರ್ಚಿಗಳಲ್ಲಿ ಕುಳಿತರು. ಹೆಂಗಸರು ಒಬ್ಬರೂ ಏಳಲಿಲ್ಲ. “ಜ್ವರ ಬರ್ತದಂತ್ರೀ” ಎಂದಳು ಒಬ್ಬಾಕೆ. “ನಾಳಿ ನೋಡೂಣು” ಎಂದಳು ಇನ್ನೊಬ್ಬಾಕೆ. ನಾನು ಜ್ವರದ ಮೇಲೆ ಮತ್ತೊಂದು ಪಾಠ ಮಾಡಿದೆ. ನರ್ಸಮ್ಮ ಲಸಿಕೆಯ ಡಬ್ಬಿ ಮುಚ್ಚತೊಡಗಿದಾಗ ನನ್ನ ಪಿತ್ತ ನೆತ್ತಿಗೇರಿತು. ಎಲ್ಲರೆದುರೇ ಅತ್ತೆಯ ಮೇಲೆ ಹರಿಹಾಯ್ದೆ.

“ಸಾಯಬೇಕಂತ ಮಾಡಿಯೇನು? ಒಂದ್ ಸೂಜಿಗಿ ಇಷ್ಟ್ಯಾಕ ಅಂಜಾಕತ್ತೀ?”

ಅತ್ತೆ ಸೆರಗು ಹೊದ್ದುಕೊಂಡು ತಣ್ಣಗೆ ಹೇಳಿದಳು: “ಸೂಜಿಗಿ ಯಾರ್ ಅಂಜ್ಯಾರ? ಇಷ್ಟು ಗಂಡಸರ ಮುಂದ ಕುಬಸ ಬಿಚ್ಚಿ ಕುಂದರ್ಲೇನು? ನಿನಗ ಕಣ್ಣರೆ ಅದಾವೋ ಇಲ್ಲೋ, ಲೇ.”

ಆಗ ನೋಡಿದೆ. ಅಲ್ಲಿದ್ದ ಅಷ್ಟೂ ಮುದುಕಿಯರ ಕುಬಸದ ತೋಳು ಮೊಳಕೈವರೆಗೆ ಬಿಗಿ. ಮೇಲಕ್ಕೆ ಮಡಚಲು ಬರುವುದಿಲ್ಲ. ಗುಂಡಿ ಬಿಚ್ಚಿ ಹೆಗಲಿನಿಂದ ಇಳಿಸಬೇಕು. ಹುಟ್ಟಿದಾಗಿನಿಂದ ಕಂಡ ಉಡುಪು ಅದು. ಅದನ್ನು ತೊಟ್ಟವರನ್ನು ಪಡಸಾಲೆಗೆ ಕರೆದು, ಚಪ್ಪಾಳೆ ತಟ್ಟಲು ಜನ ಕೂಡಿಸಿದ್ದೆ.

ನರ್ಸಮ್ಮ ನಕ್ಕು ಡಬ್ಬಿಯನ್ನು ಮತ್ತೆ ತೆರೆದರು. ಹೆಂಗಸರ ಕೋಣೆಯ ಬಾಗಿಲಿಗೆ ಎರಡು ಚಾದರ ಕಟ್ಟಿದೆವು. ಗಂಡಸರನ್ನೆಲ್ಲ ನರ್ಸಮ್ಮ ಅಂಗಳಕ್ಕೆ ಅಟ್ಟಿದರು. ಮೊದಲು ಅಟ್ಟಿದ್ದು ನನ್ನನ್ನು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ.

ಅತ್ತೆ ಹೊರಗೆ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು. ನೋವಾಯಿತೇ ಎಂದು ಕೇಳಿದೆ. ಅವಳು ಕುಬಸದ ತೋಳನ್ನು ಮೊಳಕೈವರೆಗೆ ಎಳೆದು ಸರಿಮಾಡಿಕೊಂಡಳು.

“ಹ್ವಾದ ವರ್ಷ ದವಾಖಾನ್ಯಾಗ ಮಂದಿ ಮುಂದ ನನ್ನ ಕುಬಸಕ್ಕ ಕತ್ತರಿ ಹಾಕಿದ್ರು,” ಎಂದಳು. “ನೀನೂ ಅಲ್ಲೇ ನಿಂತಿದ್ದಿ. ಜೀವ ಹೋಗಿದ್ರ ಚಲೋ ಇತ್ತು ಅನಸ್ತು, ತಮ್ಮಾ. ಇವತ್ತ ಹಂಗ ಅನಸಲಿಲ್ಲ.”