ಮುತ್ತಜ್ಜ ಮಾಡದ ಗಡಿಯಾರ

ನನ್ನ ಮಗಳು ಸುಮಂಗಲಾ ಸುಳ್ಳಿಯಲ್ಲ. ಅವಳು ಮೂರನೇ ಇಯತ್ತೆಯಲ್ಲಿದ್ದಾಗ ಇಡೀ ಕ್ಲಾಸಿನ ಮುಂದೆ ಅವಳನ್ನು ಸುಳ್ಳಿ ಮಾಡಿದವನು ನಾನು — ಅವಳ ಅಪ್ಪ. ಸುಳ್ಳು ನನ್ನದು, ಕ್ಷಮೆ ಕೇಳಿದವಳು ಅವಳು. ನಾನು ಬಾಗಿಲಲ್ಲೇ ಕೈ ಕಟ್ಟಿಕೊಂಡು ನಿಂತಿದ್ದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ವ್ಯಾಪಾರದ ಪದ್ಧತಿ ಅದು. ಬಾಗಿಲಿಗೆ ಗೆದ್ದಲು ಹತ್ತಿದ್ದರೆ ಗಿರಾಕಿ ಕಾಣುವ ಮೊದಲು ನಾವೇ ಬೆರಳಿಟ್ಟು ತೋರಿಸಬೇಕು, ರೇಟಿನ ಮಾತು ಆಮೇಲೆ. ಮರದ ವಿಷಯದಲ್ಲಿ ಈ ನಿಯಮವನ್ನು ನಾನು ಎಂದೂ ಮುರಿದಿಲ್ಲ. ಮಗಳ ವಿಷಯದಲ್ಲಿ...

ನಾನು ಲಿಂಗಸುಗೂರು ಕಡೆಯವನು. ಏಳನೇ ಇಯತ್ತೆ ಮುಗಿಸಿ ಹೈದರಾಬಾದಿಗೆ ಬಂದು, ಕೆಡವಿದ ಹಳೆಯ ಮನೆಗಳ ಬಾಗಿಲು-ಕಿಟಕಿ ಹೊತ್ತೆ. ಆಮೇಲೆ ಅವನ್ನೇ ಕೊಂಡು ಮಾರಿ, ದಿಲ್‌ಸುಖ್‌ನಗರದಲ್ಲಿ ಸ್ವಂತ ಅಂಗಡಿ ಹಾಕಿದೆ. ಯಾರೂ ಕೈ ಹಿಡಿದು ಎತ್ತಿದ್ದಲ್ಲ. ಬಾಯಿ ಎತ್ತಿತು. ಎಂಥ ಗಿರಾಕಿಯೇ ಬರಲಿ, ಕೊನೆಯ ಮಾತು ನನ್ನದೇ ಆಗುತ್ತಿತ್ತು.

ರವಿವಾರ ಮಾತ್ರ ಅಂಗಡಿಗೆ ಬೀಗ. ಸುಮಿ ನಡೆಯಲು ಕಲಿತಾಗಿನಿಂದ ಅದು ನಮ್ಮ ತಿರುಗಾಟದ ದಿನ. ಒಂದು ವಾರ ಪ್ರಾಣಿ ಸಂಗ್ರಹಾಲಯ, ಇನ್ನೊಂದು ವಾರ ಗೋಲ್ಕೊಂಡಾ ಕೋಟೆ — ಬಾಗಿಲಲ್ಲಿ ನಾನು ಚಪ್ಪಾಳೆ ತಟ್ಟಬೇಕು, ಮೇಲೆ ತುದಿಯಲ್ಲಿ ಅವಳೂ ಅವಳ ಅವ್ವ ಶಾಂತಾಳೂ ಅದನ್ನು ಕೇಳಿಸಿಕೊಳ್ಳಬೇಕು. ಈಗಿನ ತಂದೆ-ತಾಯಿಗಳಿಗೆ, ಅವರು ಕೇಳದಿದ್ದರೂ, ಒಂದು ಮಾತು ಹೇಳುತ್ತೇನೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದರೆ ಎಲ್ಲವನ್ನೂ ತೋರಿಸಲು ಹೋಗಬೇಡಿ. ಒಂದು ದಿನಕ್ಕೆ ಒಂದೇ ಕೋಣೆ ಸಾಕು. ಹೊಟ್ಟೆ ತುಂಬಿಸಿಯೇ ಮನೆ ಬಿಡಿ, ಚೀಲದಲ್ಲಿ ಶೇಂಗಾ ಚಟ್ನಿ ಸವರಿದ ಚಪಾತಿ ಇರಲಿ. ಬಲೂನು ಕೊಳ್ಳುವುದಾದರೆ ಹೊರಗೆ ಬರುವಾಗ ಕೊಳ್ಳಿ, ಒಳಗೆ ಹೋಗುವಾಗ ಅಲ್ಲ. ಮಗು ಯಾವುದರ ಮುಂದೆ ತಾನಾಗಿ ನಿಲ್ಲುತ್ತದೋ ಅಲ್ಲಿ ನೀವೂ ನಿಲ್ಲಿ.

ಸುಮಿ ನಿಲ್ಲುತ್ತಿದ್ದದ್ದು ನದಿಯ ದಂಡೆಯ ಮ್ಯೂಸಿಯಂನಲ್ಲಿ. ಅಲ್ಲಿ ನಾವು ಒಂದು ಆಟ ಕಟ್ಟಿಕೊಂಡಿದ್ದೆವು. ನವಾಬರ ಕುರ್ಚಿ, ಪಲ್ಲಂಗ, ಕನ್ನಡಿ, ಯಾವುದರ ಮುಂದೆ ನಿಂತರೂ ನಾನು ಅಂಗಡಿಯವ, ಅವಳು ಗಿರಾಕಿ.

"ಏನು ಕೊಡ್ತೀರಿ ಬಾಯಾರ, ಈ ಕುರ್ಚಿಗೆ?"

"ಎರಡು ರೂಪಾಯಿ."

"ಎರಡು ರೂಪಾಯಿಗೆ ಇದರ ಮೊಳೀನೂ ಬರಂಗಿಲ್ರಿ."

"ಕಾಲು ಅಲ್ಲಾಡಾಕತ್ತೈತಿ ನೋಡ್ರಿ. ಒಂದೂವರೆ."

ಬೆಲೆ ಇಳಿಸುವುದರಲ್ಲಿ ಅವಳು ನನ್ನನ್ನೂ ಮೀರಿಸಿದ್ದಳು. ಕಾವಲುಗಾರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಇಂಗ್ಲಿಷ್ ಬೋರ್ಡು ನನಗೆ ಓದಲು ಬರುತ್ತಿರಲಿಲ್ಲ, ಅವಳಿಗೆ ಓದುವ ಪುರುಸೊತ್ತಿರಲಿಲ್ಲ. ಮರ ಯಾವುದು, ಎಲ್ಲಿ ಸೇರಿಸಿದ್ದಾರೆ, ಎಲ್ಲಿ ಪಾಲಿಶ್ ಕೆಟ್ಟಿದೆ — ನನಗೆ ಗೊತ್ತಿದ್ದದ್ದು ಅದಷ್ಟೇ, ಅದನ್ನೇ ಕಲಿಸಿದೆ. ಉಳಿದದ್ದನ್ನು ಕಟ್ಟಿ ಹೇಳಿದೆ.

ಅಲ್ಲೊಂದು ದೊಡ್ಡ ಗಡಿಯಾರ. ತಾಸಿಗೊಮ್ಮೆ ಗಡ್ಡದ ಪುಟ್ಟ ಗೊಂಬೆಯೊಂದು ಹೊರಗೆ ಬಂದು ಗಂಟೆ ಹೊಡೆಯುತ್ತದೆ, ಅದನ್ನು ನೋಡಲು ಊರಿನ ಮಕ್ಕಳೆಲ್ಲ ಸಾಲಾಗಿ ಕೂತಿರುತ್ತಾರೆ. ಒಂದು ರವಿವಾರ ಅದರ ಮುಂದೆ ಕೂತಾಗ ಸುಮಿ ನನ್ನ ಅಂಗಿ ಎಳೆದಳು. "ಅಪ್ಪಾ, ಇಲ್ಲಿ ನಮ್ಮಂದಿ ಸಾಮಾನು ಯಾವ್ದು?"

ನಾನು ಸುತ್ತ ನೋಡಿದೆ. ಎಲ್ಲ ನವಾಬರದು, ಚೀನದ್ದು, ಫ್ರಾನ್ಸಿನದು, ಇಂಗ್ಲೆಂಡಿನದು. ಹೊತ್ತವರು, ಕೊರೆದವರು, ಉಜ್ಜಿದವರು — ಅವರ ಹೆಸರಿನದು ಒಂದು ಮೊಳೆಯೂ ಇರಲಿಲ್ಲ. ಮಗಳ ಪ್ರಶ್ನೆಗೆ 'ಇಲ್ಲ' ಅನ್ನಲೇ? ಅನ್ನಲಿಲ್ಲ.

"ಆ ಗಡಿಯಾರದ ಪೆಟ್ಟಿಗಿ ಐತಲ್ಲ, ಅದನ್ನ ಮಾಡಿದಾಂವ ನಿನ್ನ ಮುತ್ತಜ್ಜ."

ಮುಂದಿನ ವಾರಗಳಲ್ಲಿ ಕಥೆ ಬೆಳೆಯಿತು. ದೊರೆ ಕುದುರೆ ಮೇಲೆ ಬಂದು ಚೌಕಾಸಿ ಮಾಡಿದ, ಮುತ್ತಜ್ಜ ಬಗ್ಗಲಿಲ್ಲ, ಗೊಂಬೆಗೆ ತನ್ನಂಥದ್ದೇ ಗಡ್ಡ ಇಡಬೇಕೆಂದು ಹಟ ಹಿಡಿದ. ಅರ್ಧ ನಾನು ಸೇರಿಸಿದ್ದು, ಅರ್ಧ ಅವಳೇ ಸೇರಿಸಿದ್ದು. ಗಂಟೆ ಹೊಡೆದಾಗಲೆಲ್ಲ ಅವಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು, ಮನೆಯವರು ಯಾರೋ ಒಳಗಿನಿಂದ ಬಂದರು ಅನ್ನುವ ಹಾಗೆ.

ಈ ಕಥೆ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇವತ್ತೂ ಇಲ್ಲ. ಬೈಯುವವರು ಬೈಯಲಿ. ಮಗುವಿಗೆ ನಿಜವನ್ನೇ ಹೇಳಬೇಕು ಅನ್ನುವವರು ಮೊದಲು ಆ ಪ್ರಶ್ನೆಗೆ ಅದೇ ಜಾಗದಲ್ಲಿ ಕೂತು ಉತ್ತರ ಕೊಡಲಿ. ನಾನು ತಪ್ಪಿದ್ದು ಅಲ್ಲಲ್ಲ.

ಶಾಲೆಯವರು ಮಕ್ಕಳನ್ನು ಅದೇ ಮ್ಯೂಸಿಯಂಗೆ ಕರೆದೊಯ್ದರು. ಗಡಿಯಾರದ ಮುಂದೆ ಸುಮಿ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದಾಳೆ — ಇದು ನಮ್ಮ ಮುತ್ತಜ್ಜ ಮಾಡಿದ್ದು. ಟೀಚರು ಬೋರ್ಡು ಓದಿದರು. ಇಂಗ್ಲೆಂಡಿನಿಂದ ಬಂದದ್ದು ಅಂತ ಅದರಲ್ಲಿತ್ತು. ಮಕ್ಕಳು ನಕ್ಕರು. ಇವಳು ಜಗ್ಗಲಿಲ್ಲ, ಬೋರ್ಡು ತಪ್ಪು ಎಂದು ವಾದಿಸಿದಳು. ಮರುದಿನ ನನ್ನನ್ನು ಕರೆಸಿದರು.

ಈಗ ಗೆದ್ದಲಿಗೆ ಬೆರಳಿಡುತ್ತೇನೆ. ಅದೇ ತಿಂಗಳು ಆ ಶಾಲೆಯ ಹೊಸ ಕೋಣೆಗಳಿಗೆ ಸಾಗವಾನಿ ಬೆಂಚು ಮಾಡಿಕೊಡುವ ಆರ್ಡರು ನನ್ನ ಕೈಗೆ ಬರುವುದರಲ್ಲಿತ್ತು. ನನ್ನ ಅಂಗಡಿಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಟೀಚರ ಪಕ್ಕದ ಕುರ್ಚಿಯಲ್ಲಿ ಹೆಡ್‌ಮೇಡಂ ಕೂತಿದ್ದರು, ಆರ್ಡರು ಕೊಡಬೇಕಾದವರು. "ಇದನ್ನೆಲ್ಲ ಮಗುವಿಗೆ ನೀವು ಹೇಳಿದ್ದೇ?" ಎಂದು ಕೇಳಿದರು. ಹೌದು ಅಂದರೆ ನಾನು ಸುಳ್ಳುಗಾರ. ಸುಳ್ಳುಗಾರನ ಮರವನ್ನು ಯಾರು ಕೊಳ್ಳುತ್ತಾರೆ?

"ಮೈ ಕಾಯ್ಕು ಬೋಲ್ತೂಂ ಮೇಡಂ," ಅಂದೆ. "ಬಚ್ಚಿ ಝೂಟ್ ಬೋಲ್ರೀ."

ನಾನು ಯಾಕೆ ಹೇಳಲಿ, ಹುಡುಗಿಯೇ ಸುಳ್ಳು ಹೇಳುತ್ತಿದ್ದಾಳೆ — ಅಷ್ಟೇ ಮಾತು. ಮನೆಯಲ್ಲಿ ಕಥೆ ಹೇಳಿದ್ದು ಕನ್ನಡದಲ್ಲಿ, ಅಲ್ಲಿ ಅದನ್ನು ಕೊಂದದ್ದು ಇನ್ನೊಂದು ಭಾಷೆಯಲ್ಲಿ. ಅವಳಿಗೆ ಎರಡೂ ಬರುತ್ತಿದ್ದವು.

ಅಲ್ಲೇ ನಿಂತಿದ್ದ ಸುಮಿ ನನ್ನ ಮುಖ ನೋಡಿದಳು. ಅಪ್ಪ ಏನೋ ಆಟ ಆಡುತ್ತಿದ್ದಾನೆ, ಈಗ ರೇಟು ಬದಲಿಸುತ್ತಾನೆ ಎಂದು ಕಾದಂತಿತ್ತು. ನಾನು ಬದಲಿಸಲಿಲ್ಲ. ಅವಳನ್ನು ಕ್ಲಾಸಿಗೆ ಕರೆದೊಯ್ದು ಕರಿಹಲಗೆಯ ಮುಂದೆ ನಿಲ್ಲಿಸಿದರು, ನಾನೂ ಬಾಗಿಲ ಬಳಿ ನಿಂತೆ. "ಐ ಟೋಲ್ಡ್ ಎ ಲೈ, ಸಾರಿ," ಅಂದಳು, ಹೇಳಿಕೊಟ್ಟ ಹಾಗೆ, ಒಂದೂ ಅಕ್ಷರ ತಪ್ಪದೆ.

ಆರ್ಡರು ಬಂತು. ಬೆಂಚುಗಳು ಗಟ್ಟಿಯಾಗಿದ್ದವು, ಅದರಲ್ಲಿ ಮೋಸವಿಲ್ಲ. ಅವುಗಳ ಮೇಲೆ ಕೂತೇ ಅವಳು ಹತ್ತನೆಯವರೆಗೂ ಓದಿದಳು...

ಅವತ್ತು ಸ್ಕೂಟರಿನಲ್ಲಿ ಮನೆಗೆ ಬರುವಾಗ, ಹಿಂದೆ ಕೂತವಳು ಒಂದೇ ಒಂದು ಮಾತು ಕೇಳಿದಳು.

"ಅಪ್ಪಾ, ಹಂಗಾರ ಮುತ್ತಜ್ಜ ಇದ್ದನೋ ಇಲ್ಲೋ?"

"ಸುಮ್ಮ ಕೂಡು, ಬೀಳ್ತಿ," ಅಂದೆ.

ಆಮೇಲೂ ರವಿವಾರಗಳು ಬಂದವು. ಅವಳು ಬೇಡ ಅನ್ನಲಿಲ್ಲ, ಬಂದಳು. ಆದರೆ 'ಏನು ಕೊಡ್ತೀರಿ ಬಾಯಾರ' ಅಂದರೆ ನಕ್ಕು ಮುಂದಿನ ಸಾಮಾನಿಗೆ ಹೋಗುತ್ತಿದ್ದಳು. ಬೋರ್ಡುಗಳನ್ನು ಓದತೊಡಗಿದಳು. ಮೇಲಿನಿಂದ ಕೆಳಗಿನವರೆಗೆ, ಬೆರಳಿಟ್ಟು.

ಈಗ ಅವಳು ಬ್ರಿಟನ್ನಿನ ಒಂದು ಊರಿನಲ್ಲಿ ನರ್ಸು. ಗಂಡ, ಆರು ವರ್ಷದ ನಕುಲ, ಮೂರು ವರ್ಷದ ಇಂಚರಾ. ಅಲ್ಲೂ ರಜೆ ಬಂದರೆ ಮಕ್ಕಳೊಂದಿಗೆ ತಿರುಗಾಟವೇ. ಒಂದು ವಾರ ಕೋಟೆ, ಒಂದು ವಾರ ಉಗಿಬಂಡಿ, ಮತ್ತೊಂದು ವಾರ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ತೋಟ. ಮಕ್ಕಳಿಗೆ ಬಾಗಿಲಲ್ಲೇ ಚಿತ್ರದ ಹಾಳೆ, ಬಣ್ಣದ ಪೆನ್ಸಿಲು ಕೊಡುತ್ತಾರಂತೆ, ರಾಜ-ರಾಣಿಯರ ವೇಷ ಹಾಕಿಸುತ್ತಾರಂತೆ. ದೊಡ್ಡ ಮ್ಯೂಸಿಯಂ ಎಷ್ಟೋ ಕಡೆ ಬಿಟ್ಟಿಯಂತೆ, ಟಿಕೆಟ್ಟೇ ಇಲ್ಲ. ಚೌಕಾಸಿಗೆ ಜಾಗವೇ ಇಲ್ಲದ ಊರು, ಅದೊಂದು ನನಗೆ ಸೇರಲಿಲ್ಲ. ಉಳಿದದ್ದೆಲ್ಲ ಸೇರಿತು. ಫೋನಿನಲ್ಲಿ ತೋರಿಸುತ್ತಾಳೆ, ನಾನೂ ಶಾಂತಾಳೂ ಇಲ್ಲಿ ಕೂತು ನೋಡುತ್ತೇವೆ.

ಹೋದ ತಿಂಗಳು ಅಂಥದ್ದೇ ಒಂದು ಹಳೆಯ ಬಂಗಲೆ. ನಕುಲ ಫೋನು ಹಿಡಿದು ಕೆತ್ತನೆಯ ಮರದ ಪೆಟ್ಟಿಗೆಯೊಂದನ್ನು ತೋರಿಸಿದ.

"ಅಜ್ಜಾ, ಇದನ್ನ ಯಾರ ಮಾಡ್ಯಾರ?"

ನನ್ನ ಬಾಯಿ ತೆರೆಯಿತು. ಕಥೆ ನಾಲಿಗೆಯ ತುದಿಗೆ ಬಂದಾಗಿತ್ತು. ಅಷ್ಟರಲ್ಲಿ ಸುಮಿಯ ದನಿ, ಮೆತ್ತಗೆ, ಸಿಟ್ಟೇನೂ ಇಲ್ಲದೆ: "ಅಜ್ಜನ ಕೇಳಬ್ಯಾಡಪ್ಪ. ಬೋರ್ಡ್ ಐತಿ, ನಾ ಓದ್ತೀನಿ."

ಓದಿದಳು. ಹುಡುಗ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಓಡಿಹೋದ. ಅವಳು ಮಾತ್ರ ಕೊನೆಯ ಸಾಲಿನವರೆಗೂ ಓದಿದಳು.

"ಯಾವ ಕಾಲದ ಮಾತು, ಈಗ್ಯಾಕ ಕೆದಕ್ತೀರಿ?" ಅನ್ನುತ್ತಾಳೆ ಶಾಂತಾ. "ಆಕಿ ಮರ್ತಾಳ."

ಮರೆತಿದ್ದರೆ ಬೋರ್ಡು ಓದುತ್ತಿರಲಿಲ್ಲ.

ಚಳಿಗಾಲದ ರಜೆಗೆ ಅವರೆಲ್ಲ ಇಲ್ಲಿಗೆ ಬರುತ್ತಾರೆ. ಅಡಿಗೆಮನೆಯ ಮೂಲೆಯಲ್ಲಿ ಅವಳೊಬ್ಬಳಿಗೇ ಪಿಸುಗುಟ್ಟುವುದು ನನಗೆ ಬೇಡ. ಅವಮಾನ ಆದದ್ದು ಮಕ್ಕಳ ಮುಂದೆ, ನಿಜವೂ ಮಕ್ಕಳ ಮುಂದೆಯೇ ಆಗಬೇಕು. ಆ ಗಡಿಯಾರದ ಎದುರು, ಗೊಂಬೆಗಾಗಿ ಕಾಯುವ ಮಂದಿಯ ನಡುವೆ ಕೂತು ನಕುಲನಿಗೂ ಇಂಚರಾಳಿಗೂ ಹೇಳುತ್ತೇನೆ: ಇದರ ಪೆಟ್ಟಿಗೆಯ ಕಥೆ ನಾನು ಕಟ್ಟಿದ್ದು. ನಿಮ್ಮ ಅವ್ವ ನನ್ನ ಮಾತನ್ನು ನಂಬಿ ಬೋರ್ಡಿನ ಜೊತೆ ಜಗಳಕ್ಕೆ ನಿಂತಳು. ನಾನು ಬೆಂಚಿನ ಆರ್ಡರಿಗಾಗಿ ಅವಳನ್ನು ಬಿಟ್ಟುಕೊಟ್ಟೆ. ಕಥೆ ಹೇಳಿದ್ದಕ್ಕೆ ಆಗಲೂ ಕ್ಷಮೆ ಕೇಳುವುದಿಲ್ಲ. ಬಿಟ್ಟುಕೊಟ್ಟದ್ದಕ್ಕೆ ಕೇಳುತ್ತೇನೆ. ಅವಳು ಏನಂದರೂ, ಏನೂ ಅನ್ನದಿದ್ದರೂ ಸರಿ. ಜೀವನದಲ್ಲಿ ಇದೊಂದು ಕಡೆ ನಾನು ಚೌಕಾಸಿ ಮಾಡುವುದಿಲ್ಲ.

ಸ್ಕೂಟರಿನ ಮೇಲೆ ಕೇಳಿದ ಪ್ರಶ್ನೆಯನ್ನು ಮಾತ್ರ ಚಳಿಗಾಲದವರೆಗೆ ಕಾಯಿಸಲಾರೆ. ಇಲ್ಲೇ ಹೇಳುತ್ತೇನೆ.

ಇದ್ದ, ಸುಮಿ. ನಿನ್ನ ಮುತ್ತಜ್ಜ ಇದ್ದ. ಗಡಿಯಾರ ಮಾಡಲಿಲ್ಲ, ಜನ್ಮದಲ್ಲಿ ಒಂದನ್ನು ಮುಟ್ಟಿಯೂ ಇರಲಿಲ್ಲವೇನೋ. ಎತ್ತಿಗೆ ನೊಗ ಮಾಡುತ್ತಿದ್ದ, ಮಕ್ಕಳಿಗೆ ತೊಟ್ಟಿಲು ಮಾಡುತ್ತಿದ್ದ. ನಾನು ಮಲಗಿದ್ದು ಅವನು ಮಾಡಿದ ತೊಟ್ಟಿಲಲ್ಲೇ. ಅದಕ್ಕೆ ಎಲ್ಲಿಯೂ ಬೋರ್ಡಿಲ್ಲ. ನನ್ನ ಮಾತೊಂದೇ ಇರುವುದು — ಅದರ ಬೆಲೆ ಎಷ್ಟೆಂದು ನಿನಗೆ ಗೊತ್ತು.