ಕ್ಯಾಮೆರಾದ ಒಳಮನೆ

ಮುಚ್ಚಿದ್ದನ್ನು ತೆರೆದು ನೋಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಶಿಕಾರಿಪುರದ ನಮ್ಮ ಮನೆಯ ಗಡಿಯಾರ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ನನ್ನ ಕೈಯಲ್ಲಿ ಪ್ರಾಣ ಬಿಟ್ಟಿವೆ. ಕೆಲವು ಮರಳಿ ಬಂದಿವೆ. ಹೆಂಡತಿ ಸುಮಿತ್ರೆಯ ಹಳೆಯ ಡಿಜಿಟಲ್ ಕ್ಯಾಮೆರಾ ಒಂದೇ ತಪ್ಪಿಸಿಕೊಂಡಿತ್ತು.

ಸುಮಿತ್ರೆ ಸೊರಬದ ಕಡೆಯವಳು, ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ. ನಮ್ಮ ತಾಲೂಕಿನ ಬಂದಳಿಕೆಯ ಕತ್ತಲ ಗುಡಿಯೊಳಗಿನ ಶಾಸನವೊಂದು ಅವಳ ತಲೆ ತಿನ್ನುತ್ತಿತ್ತು. ನಂದಾದೀಪದ ಎಣ್ಣೆಗೆ ದತ್ತಿ ಬಿಟ್ಟವರ ಹೆಸರು ‘ಬೊಮ್ಮ’ ಎಂದು ಶುರುವಾಗಿ, ಮುಂದೆ ಸವೆದುಹೋಗಿತ್ತು. ಬೊಮ್ಮಯ್ಯನೇ ಇರಬೇಕೆಂದು ಲೇಖನ ಬರೆದಿಟ್ಟಿದ್ದಳು. ಆಧಾರಕ್ಕೆ ಫೋಟೋ ತೆಗೆದರೆ ಬರೀ ಕಪ್ಪು. ಕತ್ತಲಲ್ಲಿ ಬೆಳಕು ಒಳಬಿಡುವ ಷಟರ್ ಬಹಳ ಹೊತ್ತು ತೆರೆದಿರಬೇಕು, ಕ್ಯಾಮೆರಾ ಒಪ್ಪುತ್ತಿರಲಿಲ್ಲ.

ಕ್ಯಾಮೆರಾದೊಳಗಿನ ಸಾಫ್ಟ್‌ವೇರ್‌ಗೆ ಗೊತ್ತಿರುವುದನ್ನೆಲ್ಲ ಕಂಪನಿಯವರು ಮೆನುವಿನಲ್ಲಿ ತೋರಿಸುವುದಿಲ್ಲವಂತೆ. ಯಾರೋ ಪುಣ್ಯಾತ್ಮರು ಬರೆದ ಪುಟ್ಟ ಫೈಲೊಂದನ್ನು ಮೆಮೊರಿ ಕಾರ್ಡಿಗೆ ಹಾಕಿದರೆ, ಬೀಗ ಬಿದ್ದ ಕೋಣೆಗಳೂ ತೆರೆಯುತ್ತವಂತೆ. ಇಂಟರ್‌ನೆಟ್ಟಿನಲ್ಲಿ ಇಷ್ಟು ಓದಿದ ಮೇಲೆ ನಾನು ಸುಮ್ಮನಿರುವುದುಂಟೆ? ಫೈಲು ಹಾಕಿ ಗುಂಡಿ ಒತ್ತಿದೆ. ಲೆನ್ಸು ಕತ್ತು ಚಾಚಿ ಅಲ್ಲೇ ನಿಂತಿತು. ಪರದೆ ಕಪ್ಪಾಯಿತು.

“ಎಂತ ಮಾಡಿದ್ರಿ ಅದಕ್ಕೆ?” ಸುಮಿತ್ರೆ ಬೆನ್ನ ಹಿಂದೆಯೇ ಇದ್ದಳು. “ನನ್ನ ಮೊದಲ್ನೇ ಸಂಬಳದ್ದು ಮಾರಾಯ್ರೆ ಅದು! ನಾಳೆ ಬಂದಳಿಕೆಗೆ ಎಂತ ಹಿಡ್ಕೊಂಡು ಹೋಗೂದು?”

ಬ್ಯಾಟರಿ ಕಿತ್ತೆ, ಮನೆದೇವರನ್ನು ನೆನೆದು ಮತ್ತೆ ಹಾಕಿದೆ. ಲೆನ್ಸು ಕತ್ತು ಒಳಗೆಳೆದುಕೊಂಡು, ಮತ್ತೆ ಹೊರಚಾಚಿತು. ಪರದೆಯ ಮೇಲೆ ಎಂದೂ ಕಾಣದ ಮೆನು! ತನ್ನ ಹೊಟ್ಟೆ ಎಷ್ಟು ಬಿಸಿಯಾಗಿದೆ ಎಂಬುದನ್ನೂ ಅದು ಹೇಳುತ್ತಿತ್ತು. ಪಕ್ಕದಲ್ಲಿದ್ದವಳ ಬಿಸಿಯನ್ನು ಅಳೆಯುವ ಶಕ್ತಿ ಅದಕ್ಕಿರಲಿಲ್ಲ, ಸದ್ಯ.

ಮರುದಿನ ಗುಡಿಯೊಳಗೆ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು, ಷಟರನ್ನು ಬೇಕಾದಷ್ಟು ಹೊತ್ತು ತೆರೆದೆವು. ನಾನು ಟಾರ್ಚನ್ನು ಪಕ್ಕದಿಂದ ಹಿಡಿದು, ಶಾಸನದ ಮೇಲೆ ಓರೆ ಬೆಳಕನ್ನು ನಿಧಾನವಾಗಿ ಹರಿಸಿದೆ. ಚಿತ್ರ ಮೂಡಿತು. ಸವೆದ ಗೀರುಗಳಿಗೆ ನೆರಳು ಹುಟ್ಟಿ, ಅಕ್ಷರಗಳು ಎದ್ದು ಕೂತಿದ್ದವು.

ಸುಮಿತ್ರೆ ಪರದೆಗೆ ಮೂಗು ತಾಗಿಸಿ ನೋಡಿದಳು. “ಅಯ್ಯ ಅಲ್ಲ ಕಣ್ರೀ... ಅವ್ವೆ! ಬೊಮ್ಮವ್ವೆ! ಹೆಂಗಸು ಇವಳು!”

“ಹಂಗಾರೆ ನಿನ್ನ ಲೇಖನ?”

“ಹೋಯ್ತು!” ಎಂದು ನಕ್ಕಳು. ತನ್ನ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಆಮೇಲೆ ಗೋಡೆಯತ್ತ ತಿರುಗಿ, ಹಾಜರಿ ಕರೆಯುವ ದನಿಯಲ್ಲಿ, “ಬೊಮ್ಮವ್ವೆ!” ಎಂದು ಕೂಗಿದಳು. ನೂರಾರು ವರ್ಷ ಯಾರೂ ಕರೆಯದ ಹೆಸರು ಗುಡಿಯ ತುಂಬ ಓಡಾಡಿತು. ಹೊರಗೆ ಮೇಯುತ್ತಿದ್ದ ಕುರಿಯೊಂದು “ಮ್ಯಾ” ಎಂದು ಓಗೊಟ್ಟಿತು.

ಹಾಜರಿ ಹಾಕಿಕೊಂಡೆವು.