ಚಾಮುಂಡೇಶ್ವರಿಯವರ ಖಾಲಿ ಫಾರಂ

ಅಶೋಕಪುರಂನ ನಮ್ಮ ಬೀದಿಯ ಚಾಮುಂಡೇಶ್ವರಿಯವರು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಕಾಫಿ ಕುಡಿಯುವ ಮೊದಲೇ ಫೋನಿನಲ್ಲಿ ಹಾಸ್ಟೆಲ್ಲೊಂದರ ಫಾರಂ ತುಂಬುತ್ತಾರೆ. ಪರೀಕ್ಷೆಗೆಂದು ತಮ್ಮದೇ ಹೆಸರಿನಲ್ಲಿ ಇಟ್ಟುಕೊಂಡ ದಾಖಲೆಗೆ ಅದು. ಫೋನ್ ನಂಬರಿನ ಕೊನೆಯ ಅಂಕಿಯನ್ನಷ್ಟೇ ಬದಲಿಸಿ, ಉಳಿದದ್ದನ್ನೆಲ್ಲ ಖಾಲಿ ಬಿಟ್ಟು ಕಳುಹಿಸುತ್ತಾರೆ. ಆಮೇಲೆ ದಾಖಲೆ ತೆರೆದು ನೋಡುತ್ತಾರೆ. ನಂಬರ್ ಬದಲಾಗಿರಬೇಕು, ಬೇರೇನೂ ಅಲುಗಿರಬಾರದು. ಹಬ್ಬದ ದಿನವೂ ಇದು ತಪ್ಪಿಲ್ಲ.

ಅವರು ಓದಿದ್ದು ಪಿಯುಸಿ. ಟೈಪಿಂಗ್ ಕಲಿಸುತ್ತಿದ್ದ ಶಾಲೆ ಮುಚ್ಚಿದ ಮೇಲೆ, ನಲವತ್ತರ ವಯಸ್ಸಿನಲ್ಲಿ, ಹಳೆಯ ಕಂಪ್ಯೂಟರ್ ಒಂದನ್ನು ಮನೆಗೆ ತಂದು ಒಬ್ಬರೇ ಕೂತು ಪ್ರೋಗ್ರಾಂ ಬರೆಯುವ ಜಾವಾ ಭಾಷೆ ಕಲಿತರು. ಬನ್ನಿಮಂಟಪದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಟ್ರಸ್ಟ್ ಒಂದು ಉಚಿತ ಹಾಸ್ಟೆಲ್ ನಡೆಸುತ್ತದೆ. ಅದರ ಕಂಪ್ಯೂಟರ್ ಪ್ರೋಗ್ರಾಂ ಪೂರಾ ಇವರೇ ಬರೆದದ್ದು. ವೆಬ್‌ಸೈಟಿನಲ್ಲಿ ಫಾರಂ ತುಂಬಿ ಕಳುಹಿಸಿದರೆ, ಡೇಟಾಬೇಸಿನಲ್ಲಿರುವ ಆ ಹುಡುಗಿಯ ವಿವರ ತಾನಾಗಿಯೇ ತಿದ್ದಿಕೊಳ್ಳುತ್ತದೆ.

ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಗಾರೆ ಕೆಲಸದ ಸಣ್ಣಮಾದಯ್ಯನವರು ಟ್ರಂಕು ಹೊತ್ತು ಮಗಳು ಅನುವನ್ನು ಹಾಸ್ಟೆಲ್ಲಿಗೆ ಕರೆತಂದರು. ಹಿಂದಿನ ವರ್ಷವೂ ಅಲ್ಲೇ ಇದ್ದ ಹುಡುಗಿ. ಈ ಸಲದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಸಂಜೆ ಐದಕ್ಕೆ ಸಮಿತಿ ಪಟ್ಟಿಗೆ ಸಹಿ ಹಾಕಿದರೆ ಅವಳ ಜಾಗ ಬೇರೆಯವರಿಗೆ.

ಕಾರ್ಯದರ್ಶಿ ಸಿದ್ದಲಿಂಗಸ್ವಾಮಿಯವರು, "ಫಾರಂ ಸರಿಯಾಗಿ ತುಂಬಿಲ್ಲ ಕಣ್ರೀ. ಎಸ್ಸೆಸ್ಸೆಲ್ಸಿ ಮಾರ್ಕ್ಸು, ಊರು, ತಂದೆ ಹೆಸರು, ಒಂದೂ ಇಲ್ಲ" ಎಂದರು.

"ಅದ್ನೆಲ್ಲ ಹೋದ್ವರ್ಷವೇ ಬರ್ಕೊಟ್ಟಿದ್ವಲ್ಲ ಸ್ವಾಮಿ. ಹೊಸ ಫೋನ್ ನಂಬರ್ ಮಾತ್ರ ಆಕಿ ಮಿಕ್ಕಿದ್ದು ಬುಟ್ಬುಟ್ಟೆ. ಒಂದು ವರ್ಷಕ್ಕೆ ನನ್ನೆಸರು ಬದಲಾಗ್ಬುಟ್ಟದಾ?" ಎಂದರು ಸಣ್ಣಮಾದಯ್ಯನವರು.

ಪಕ್ಕದ ಮೇಜಿನಲ್ಲಿದ್ದ ಚಾಮುಂಡೇಶ್ವರಿಯವರಿಗೆ ಮೊದಲು ನಗು ಬಂತಂತೆ. ಮರುಕ್ಷಣವೇ ಅನುವಿನ ದಾಖಲೆ ತೆರೆದು ನೋಡಿದರು. ತಾವು ಬರೆದ ಪ್ರೋಗ್ರಾಂ, ಫಾರಂನಲ್ಲಿ ಏನು ಬಂದರೆ ಅದನ್ನು ಹಳೆಯ ವಿವರದ ಮೇಲೆ ಬರೆಯುತ್ತಿತ್ತು. ಖಾಲಿ ಬಂದ ಕಡೆ ಇದ್ದದ್ದನ್ನೂ ಅಳಿಸಿಹಾಕಿತ್ತು.

"ತಪ್ಪು ಅವರದಲ್ಲ ಸಾರ್, ನಂದು" ಎಂದರು. "ಐದು ಗಂಟೆ ತನಕ ಟೈಮ್ ಕೊಡಿ."

ಹಿಂದಿನ ತಿಂಗಳು ತೆಗೆದಿಟ್ಟ ಡೇಟಾಬೇಸಿನ ನಕಲು ಅವರ ಬಳಿ ಇತ್ತು. ಅದನ್ನು ಇಡಿಯಾಗಿ ಹಾಕಿಬಿಟ್ಟರೆ ಹೊಸ ನಂಬರುಗಳು ಹೋಗುತ್ತವೆ. ಹೊಸದು ಉಳಿಯಬೇಕು, ಅಳಿಸಿಹೋದದ್ದಷ್ಟೇ ಮರಳಬೇಕು. ಹುಡುಕಿದಾಗ ಅನುವಿನ ಹಾಗೆ ಇನ್ನೂ ಹನ್ನೊಂದು ಮಂದಿ ಸಿಕ್ಕರು. ಒಬ್ಬೊಬ್ಬರ ಮನೆಗೂ ಫೋನ್ ಮಾಡಿ, ಕೇಳಿ, ಹೋಲಿಸಿ, ಒಂದೊಂದೇ ಸಾಲು ಸರಿಮಾಡಿದರು. ನಡುವೆ ತಲೆಯೆತ್ತಿ, "ಅಣ್ಣ, ನೀವಾದ್ರೂ ಊಟ ಮಾಡ್ಕೊಂಡ್ ಬನ್ನಿ" ಎಂದರೆ ಸಣ್ಣಮಾದಯ್ಯನವರು, "ಪಟ್ಟೀಲಿ ಮಗಳೆಸರು ಬರ್ಲಿ ಕಣಮ್ಮ, ಆಮೇಲೆ ಊಟ" ಎಂದು ಟ್ರಂಕಿನ ಮೇಲೇ ಕೂತಿದ್ದರು.

ನಾಲ್ಕೂವರೆಗೆ ಹೊಸ ಪಟ್ಟಿ ಅಚ್ಚಾಯಿತು. ಅನು ತನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಕೊಂಡಳು. ಹನ್ನೆರಡು ಹೆಸರುಗಳೂ ಅಲ್ಲಿದ್ದವು.

ಹೊರಡುವ ಮೊದಲೇ ಚಾಮುಂಡೇಶ್ವರಿಯವರು ಪ್ರೋಗ್ರಾಂ ತಿದ್ದಿದರು. ಈಗ ಅದು ಮೊದಲು ಹಳೆಯ ದಾಖಲೆ ಓದುತ್ತದೆ, ತುಂಬಿದ್ದನ್ನು ಮಾತ್ರ ಬದಲಿಸುತ್ತದೆ. ಖಾಲಿ ಬಿಟ್ಟದ್ದು ಇದ್ದ ಹಾಗೆಯೇ ಇರುತ್ತದೆ. ಅದರಲ್ಲಿ ಇವತ್ತಿನವರೆಗೆ ಒಂದು ಅಕ್ಷರ ಕಳೆದಿಲ್ಲ ಎಂದು ಹೇಳಲು ನಮ್ಮ ಬೀದಿಯವರಿಗೆಲ್ಲ ಹೆಮ್ಮೆ.

ಆ ಸಂಜೆ ಸಹಿ ಮುಗಿಸಿ ಬಂದ ಕಾರ್ಯದರ್ಶಿಗಳು ಖುಷಿಯಲ್ಲಿದ್ದರು. "ನಿಮ್ಮ ತಂಗಿ ಮಗಳು ಸಿಂಚನಾನೂ ಸೀಟು ಕೇಳ್ತಾಳಂತಲ್ಲಮ್ಮ. ಒಂದು ಜಾಗ ಉಳಿದಿದೆ. ಅವಳಿಗೆ ಫಾರಂ ಎಲ್ಲ ಯಾಕೆ, ನೀವೇ ಒಳಗಿಂದ ಸೇರಿಸ್ಬಿಡಿ. ನಾನಿದ್ದೀನಿ."

ಚಾಮುಂಡೇಶ್ವರಿಯವರು ಕಂಪ್ಯೂಟರ್ ಆರಿಸಿ ಎದ್ದರು.

"ಬೇಡ ಸಾರ್. ಇವತ್ತು ಒಳಗಿಂದ ಕೈ ಹಾಕಿದ್ದು, ಹೋಗಿದ್ದನ್ನ ವಾಪಸ್ ಇಡೋಕೆ. ಸಿಂಚನಾನೂ ಎಲ್ಲರ ಹಾಗೆ ಫಾರಂ ತುಂಬ್ಲಿ."